ತೆಳ್ಳನೆಯ ಎಣ್ಣೆ

“ಮುಂಡೇದೇ, ನಿನ್ನ ಇಟ್ಕೊಂಡಿರೋದು ಎಣ್ಣೆ ಹುಯ್ಯೋಕೆ, ಮೂಸಿ ನೋಡೋಕಲ್ಲ!”

ಉಗ್ರಾಣದ ಸಾಹೇಬ ಡಬ್ಬವನ್ನು ಅವಳ ಕಾಲಬಳಿಗೆ ಒದ್ದ. ಮುಚ್ಚಳದ ಸಂದಿಯಿಂದ ಒಂದಿಷ್ಟು ಚೆಲ್ಲಿತು. ಎಣ್ಣೆಯಕ್ಕ ಕೂತು ಅದನ್ನು ಬೆರಳಿಗೆ ಹಚ್ಚಿಕೊಂಡು ಹೆಬ್ಬೆರಳಿನಿಂದ ತಿಕ್ಕಿದಳು. ನೀರಿನ ಹಾಗೆ ಜಾರಿತು. ಸುಟ್ಟ ವಾಸನೆ.

“ಇದು ಗೇರ್ ಎಣ್ಣೆ ಅಲ್ಲ ಸಾರ್. ಗೇರ್ ಎಣ್ಣೆ ಎಳೆ ಎಳೆಯಾಗಿ ಬರುತ್ತೆ. ಇದ್ಯಾವುದೋ ಹಳೇ ಲಾರಿಯಿಂದ ಇಳಿಸಿ ಸೋಸಿದ್ದು.”

“ಡಬ್ಬದ ಮೇಲೆ ಏನು ಬರೆದಿದೆ, ಓದು.”

“ಡಬ್ಬ ಸರಿಯಾಗೇ ಇದೆ ಸಾರ್. ಒಳಗಿರೋದು ಸರಿಯಿಲ್ಲ.”

“ಬಂದ್ಳಪ್ಪ ದೊಡ್ಡ ಇಂಜಿನಿಯರ್ರು! ಹತ್ತು ಮೇಲಕ್ಕೆ!”

ಆ ಎರಕದ ಕಾರ್ಖಾನೆಯ ಯಂತ್ರಗಳಿಗೆಲ್ಲ ಎಣ್ಣೆ ಹಾಕುವುದು ಅವಳ ಕೆಲಸ. ಎರಡು ವರ್ಷದ ಹಿಂದೆ ಅದು ಅವಳ ಗಂಡನದಾಗಿತ್ತು. ಮರಳು ಕಲಸುವ ಯಂತ್ರದ ಬೇರಿಂಗ್ ಸಿಡಿದು ಇಬ್ಬರು ಸತ್ತ ದಿನ ಮ್ಯಾನೇಜರ್ ಎಣ್ಣೆಯ ಪುಸ್ತಕ ತೆರೆದು ಪೊಲೀಸರ ಮುಂದೆ ಹಿಡಿದಿದ್ದ. ‘ಸರಿಯಾದ ಎಣ್ಣೆ ಹಾಕಿದ್ದೇನೆ’ ಎಂಬ ಸಾಲಿನ ಕೆಳಗೆ ಗಂಡನ ಸಹಿಯಿತ್ತು. ಬೇರಿಂಗಿನಲ್ಲಿ ಸಿಕ್ಕಿದ್ದು ಬೇರೆ ಎಣ್ಣೆ. ಅವನಿನ್ನೂ ಜೈಲಿನಲ್ಲಿದ್ದಾನೆ. ಹೆಂಡತಿಗೆ ಕೆಲಸ ಕೊಟ್ಟು ಉಪಕಾರ ಮಾಡಿದೆವೆಂದು ಕಾರ್ಖಾನೆಯವರು ಹೇಳಿಕೊಂಡರು.

ಅವಳು ಕಬ್ಬಿಣದ ಏಣಿ ಹತ್ತಿ ಕ್ರೇನಿನ ಮೇಲೆ ಬಂದಳು. ಕ್ರೇನ್ ನಡೆಸುವವನು ಅವಳ ಸ್ವಂತ ತಮ್ಮ.

“ಹುಷಾರು ಅಕ್ಕಾ, ಅಲ್ಲಿ ಕಾಲಿಟ್ರೆ ಜಾರುತ್ತೆ.”

ಗೇರ್ ಪೆಟ್ಟಿಗೆ ಮುಟ್ಟಲಾರದಷ್ಟು ಕಾದಿತ್ತು. ಅಳತೆಯ ಕಡ್ಡಿಯನ್ನು ಹೊರಗೆಳೆದು ಬಟ್ಟೆಗೆ ಒರೆಸಿದಳು. ಕಪ್ಪು ಎಣ್ಣೆಯಲ್ಲಿ ಉಕ್ಕಿನ ಪುಡಿ ಮಿನುಗಿತು. ಹೋದ ತಿಂಗಳು ತುಂಬಿಸಿದ್ದ ತೆಳ್ಳನೆಯ ಎಣ್ಣೆ ಕಾವಿಗೆ ಇನ್ನಷ್ಟು ತೆಳುವಾಗಿ, ಸಂದಿಯಿಂದ ಸೋರಿ, ಪಕ್ಕದ ಬ್ರೇಕಿನ ಮೇಲೆ ತೊಟ್ಟಿಕ್ಕುತ್ತಿತ್ತು.

“ಬ್ರೇಕ್ ಹಿಡಿದ್ಮೇಲೂ ಬಾನಿ ಗೇಣುದ್ದ ಇಳೀತಿದೆ ಅಕ್ಕಾ. ಇವತ್ತು ಇನ್ನೂ ಜಾಸ್ತಿ.”

“ಹೇಳಲಿಲ್ವೇನೋ?”

“ಹೇಳ್ದೆ. ಕುಡ್ಕೊಂಡ್ ಬಂದಿದ್ಯಾ ಬೋಳಿಮಗನೇ ಅಂದ್ರು.”

ಅವಳು ಕೆಳಗೆ ನೋಡಿದಳು. ಕರಗಿದ ಕಬ್ಬಿಣ ತುಂಬಿದ ಬಾನಿ ಹಾದುಹೋಗುವ ದಾರಿಯಲ್ಲೇ ಹನ್ನೊಂದು ಜನ ಬಗ್ಗಿ ಅಚ್ಚುಗಳಿಗೆ ಮರಳು ಮೆತ್ತುತ್ತಿದ್ದರು. ಮೇಲಿನಿಂದ ಬರೀ ಬೆನ್ನುಗಳು ಕಾಣುತ್ತಿದ್ದವು.

ಡಬ್ಬ ತೆರೆಯದೆ ಇಳಿದು, ಉಕ್ಕಿನ ಪುಡಿ ಹತ್ತಿದ ಬಟ್ಟೆ ಹಿಡಿದು ಮ್ಯಾನೇಜರನ ಕೋಣೆಗೆ ಹೋದಳು. ಬಟ್ಟೆಯಿಂದ ಎರಡು ಹನಿ ನೆಲಕ್ಕೆ ಬಿದ್ದವು.

“ಮೊದಲು ಅದನ್ನ ಒರೆಸು. ಆ ಗಲೀಜು ಬಟ್ಟೇಲಲ್ಲ, ತಲೆಗೆ ಕಟ್ಟಿದ್ಯಲ್ಲ, ಅದ್ರಲ್ಲಿ.”

ಅವಳು ತಲೆಯ ಬಟ್ಟೆ ಬಿಚ್ಚಿ, ಮಂಡಿಯೂರಿ ಒರೆಸಿದಳು. ಅವನ ಬೂಟು ಅವಳ ಬೆರಳಿನಿಂದ ಒಂದಿಂಚು ಆಚೆಗಿತ್ತು, ಅಲುಗಲಿಲ್ಲ. ಎಣ್ಣೆಯ ಪುಸ್ತಕವನ್ನು ಅವನು ಮೇಜಿನ ಅಂಚಿಗೆ ತಳ್ಳಿದ.

“ಸಹಿ ಹಾಕು. ಗಂಡನ್ನ ನೋಡೋಕೆ ಹೋಗ್ತಿಯಲ್ಲ, ಅಲ್ಲೇ ನಿನಗೂ ಒಂದು ಜಾಗ ಮಾಡ್ಸಿಕೊಡ್ಲಾ?”

ಅವಳು ಪೆನ್ನು ತೆಗೆದುಕೊಂಡು ಒಂದೊಂದೇ ಅಕ್ಷರ ಒತ್ತಿ ಬರೆದಳು: ‘ಕೊಟ್ಟದ್ದು ಗೇರ್ ಎಣ್ಣೆ ಅಲ್ಲ. ನಾನು ಹಾಕಿಲ್ಲ. ಬ್ರೇಕಿಗೆ ಎಣ್ಣೆ ಬಿದ್ದಿದೆ.’ ಕೆಳಗೆ ಸಹಿ ಮಾಡಿದಳು.

ಮ್ಯಾನೇಜರ್ ಹಾಳೆಯನ್ನು ಹರಿದು, ಮುದುರಿ ಅವಳ ಮುಖಕ್ಕೆಸೆದ. ಅಷ್ಟರಲ್ಲಿ ಎರಕದ ಗಂಟೆ ಹೊಡೆಯಿತು.

ಕುಲುಮೆಯ ಬಾಯಲ್ಲಿ ಬಾನಿ ತುಂಬಿ ನಿಂತಿತ್ತು. “ಎತ್ತೋ!” ಎಂದು ಕೂಗುತ್ತ ಮ್ಯಾನೇಜರ್ ಬಾನಿಯ ದಾರಿ ಗುರುತಿಸಿದ ಹಳದಿ ಗೆರೆಯಾಚೆ ನಿಂತ. ಎಣ್ಣೆಯಕ್ಕ ನೇರ ಅಚ್ಚುಗಳ ನಡುವೆ ನಡೆದುಹೋದಳು.

“ಸಾರ್, ಎಣ್ಣೆ ಸರಿಯಾಗಿದೆ ಅಂದ್ರೆ ಬನ್ನಿ, ನನ್ನ ಪಕ್ಕ ನಿಂತ್ಕೊಳ್ಳಿ. ಬಾನಿ ನಮ್ಮಿಬ್ಬರ ತಲೆ ಮೇಲೆ ಹೋಗ್ಲಿ.”

ಮರಳಿನ ಸದ್ದು ನಿಂತಿತು. ಮ್ಯಾನೇಜರ್ ಒಂದು ಹೆಜ್ಜೆ ಹಿಂದಕ್ಕಿಟ್ಟ. ಬೇಕೆಂದು ಇಟ್ಟದ್ದಲ್ಲ, ಆದರೆ ಎಲ್ಲರೂ ನೋಡಿದರು.

“ಯಾಕ್ ಸಾರ್, ಬರಲ್ವಾ?” ಎಂದ ಎಲ್ಲರಿಗಿಂತ ಹಿರಿಯ ಅಚ್ಚುಗಾರ. ಸಲಿಕೆಯನ್ನು ನೆಲಕ್ಕೆ ಹಾಕಿ ಗೆರೆ ದಾಟಿ ಆಚೆ ಬಂದ. ಅವನ ಹಿಂದೆ ಇನ್ನಿಬ್ಬರು. ಆಮೇಲೆ ಉಳಿದವರೂ.

“ನಾಯಿ ನನ್ಮಕ್ಕಳಾ, ಕಬ್ಬಿಣ ಹೆಪ್ಪುಗಟ್ಟುತ್ತೆ ಕಣ್ರೋ!”

ಮೇಲೆ ಅವಳ ತಮ್ಮ ಕ್ರೇನಿನ ಕರೆಂಟು ಆರಿಸಿ ಏಣಿಗೆ ಕಾಲಿಟ್ಟ.

“ಈಗ ಇಳಿದ್ರೆ ಇನ್ಯಾವತ್ತೂ ಹತ್ತಲ್ಲ ಮಗನೇ!”

“ಅದಕ್ಕೇ ಇಳೀತಿರೋದು ಸಾರ್.”

ಮ್ಯಾನೇಜರ್ ಫೋನು ಕಿವಿಗಿಟ್ಟುಕೊಂಡು ಹೊರಗೆ ಹೋದ. ಬಾನಿಯ ಮೇಲೆ ಮೊದಲು ಬೂದಿಬಣ್ಣದ ಕೆನೆ ಕಟ್ಟಿತು, ಆಮೇಲೆ ಅದು ಕಪ್ಪಾಯಿತು. ನಡುವಿನ ಒಂದೇ ಒಂದು ಬಿರುಕಿನಲ್ಲಿ ಕೆಂಪು ಉಳಿದಿತ್ತು.

ಹೊರಗಿನಿಂದ ದೊಡ್ಡ ಬಾಗಿಲಿಗೆ ಅಗುಳಿ ಬಿದ್ದ ಸದ್ದಾಯಿತು. ಅಂಗಳದಲ್ಲಿ ಎರಡು ಪೊಲೀಸ್ ವ್ಯಾನುಗಳು ನಿಂತವು. ಕಿಟಕಿಯ ಮಸಿ ಹಿಡಿದ ಗಾಜಿನಾಚೆ ಒಂದೊಂದಾಗಿ ಲಾಠಿಗಳು ಕಾಣಿಸತೊಡಗಿದವು.

ಹಿರಿಯ ಅಚ್ಚುಗಾರ ಬಗ್ಗಿ ತನ್ನ ಸಲಿಕೆಯನ್ನು ಎತ್ತಿಕೊಂಡು ಬಾಗಿಲಿಗೆ ಎದುರಾಗಿ ನಿಂತ.