ಕಟಿಂಗ್ ಮಾಸ್ಟರ್ ಕೇಳಿದ ಸಕ್ಕರೆ

ಬಂದವರಿಗೆಂದು ಭಾವ ಎತ್ತಿಕೊಂಡಿದ್ದ ಕುರ್ಚಿಯನ್ನು ಅವಳು ಅವರ ಕೈಯಿಂದ ಕಿತ್ತು ಗೋಡೆಗೆ ಒರಗಿಸಿದಳು. ಒಳಗೆ ಗಂಡ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಹೊರಗೆ ಗಂಡನ ಈ ಅಣ್ಣ ಕುರ್ಚಿಯ ಜೊತೆಗೊಂದು ಕತೆಯನ್ನೂ ಹಂಚುತ್ತಿದ್ದರು: ತಮ್ಮನಿಗೆ ನಾಲಿಗೆ ಹಿಡಿತದಲ್ಲಿರಲಿಲ್ಲ, ಸಕ್ಕರೆ ಕಾಯಿಲೆಯವನು ಕದ್ದು ಸಿಹಿ ತಿಂದ, ಅದೇ ಅವನನ್ನು ತಿಂದುಹಾಕಿತು. ಬಂದವರು ಅಯ್ಯೋ ಪಾಪ ಎಂದು ತಲೆಯಾಡಿಸುತ್ತಿದ್ದರು. ಸತ್ತವನ ತಲೆಗೆ ತಪ್ಪು ಕಟ್ಟುವುದು ಎಷ್ಟು ಸಲೀಸು! ಅವನೇನು ಎದ್ದು ಬಂದು ಜಗಳ ಕಾಯುತ್ತಾನೆಯೇ?

ಒಳಗೆ ಹೋಗಿ ಕೂತುಕೊಳ್ಳಮ್ಮ ಎಂದರು ಭಾವ. ಅವಳು ಬಾಗಿಲಲ್ಲೇ ನಿಂತಳು.

*

ಭಾವನದು ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿ. ಅಲ್ಲಿ ಅವಳ ಗಂಡ ಬಟ್ಟೆ ಕತ್ತರಿಸಿಕೊಡುವ ಕಟಿಂಗ್ ಮಾಸ್ಟರ್. ಬೇರೆಯವರು ಚೂರುಪಾರು ಎಂದು ಬಿಸಾಡುವ ಬಟ್ಟೆಯಲ್ಲಿ ಅವನು ಒಂದು ಚಡ್ಡಿ ಹೊರಡಿಸುತ್ತಿದ್ದ. ಸಕ್ಕರೆ ಕಾಯಿಲೆ ಹಳೆಯದು. ಆಮೇಲೆ ಕಿಡ್ನಿಯೂ ಕೈಕೊಟ್ಟಿತು. ಡಾಕ್ಟರು ಗಂಡ ಹೆಂಡತಿಯನ್ನು ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. ಕಿಡ್ನಿ ಸೋತವರ ಮೈಯಲ್ಲಿ ಇನ್ಸುಲಿನ್ ಹೆಚ್ಚು ಹೊತ್ತು ಉಳಿಯುತ್ತದೆ, ಡೋಸ್ ಇಳಿಸಿದರೂ ಸಕ್ಕರೆ ದಿಢೀರನೆ ಕುಸಿಯಬಹುದು. ಬೆವರು, ನಡುಕ, ತೊದಲು ಕಂಡರೆ ಕೂಡಲೇ ಸಕ್ಕರೆ ಬಾಯಿಗೆ ಬೀಳಬೇಕು.

ಅವನು ಇದನ್ನೆಲ್ಲ ಅಣ್ಣನಿಗೆ ಹೇಳಿದ. ತಿನ್ನೋದಕ್ಕೆ ಒಳ್ಳೇ ನೆಪ ಹುಡುಕಿದ್ದೀಯ ಎಂದು ಅಣ್ಣ ನಕ್ಕರು. ಅಂದಿನಿಂದ ದಿನಾ ಬೆಳಿಗ್ಗೆ ಅಂಗಡಿಯ ಬಾಗಿಲಲ್ಲೇ ತಮ್ಮನ ಜೇಬು ತಡವಿ, ಹೆಂಡತಿ ಕಟ್ಟಿಕೊಟ್ಟ ಸಕ್ಕರೆ ಪೊಟ್ಟಣವನ್ನು ಚರಂಡಿಗೆ ಎಸೆಯುತ್ತಿದ್ದರು. ಪ್ರೀತಿಯಿಂದಲೇ! ಕಿವಿಯಿಲ್ಲದ ಪ್ರೀತಿ. ಸಾಕಿ ಬೆಳೆಸಿದ ಅಣ್ಣನಿಗೆ ಎದುರಾಡಲಾರದೆ ಅವನು ಸುಮ್ಮನಿದ್ದುಬಿಟ್ಟ.

ನಿನ್ನೆ ಮಧ್ಯಾಹ್ನ ಅವನು ಬಟ್ಟೆಯ ಮೇಲೆ ಎಳೆದ ಸೀಮೆಸುಣ್ಣದ ಗೆರೆ ಸೊಟ್ಟಗಾಯಿತು. ಬೆವರುತ್ತಾ ಚಹಾದ ಸ್ಟೋವಿನ ಹತ್ತಿರ ಬಂದು, ಸಕ್ಕರೆ ಕೊಡು ಎಂದು ತೊದಲಿದ. ಅಣ್ಣ ಅಲ್ಲಿದ್ದ ಸಕ್ಕರೆ ಡಬ್ಬಿಯನ್ನು ಬೀರುವಿಗೆ ಸೇರಿಸಿ ಬೀಗ ಹಾಕಿದರು. ಅವನು ಬಟ್ಟೆಯ ಗಂಟಿನ ಮೇಲೆ ಕುಸಿದು ಕೂತ. ಮಾಸ್ಟರಿಗೆ ಮುನಿಸು ಬಂದಿದೆ ಎಂದುಕೊಂಡು ಎಲ್ಲರೂ ಹೊಲಿಗೆ ಮುಂದುವರಿಸಿದರು. ಮಾತಾಡಿಸಲು ಹೋದಾಗ ಅವನಿಗೆ ಪ್ರಜ್ಞೆ ಇರಲಿಲ್ಲ. ಆಸ್ಪತ್ರೆ ಸೇರುವ ಹೊತ್ತಿಗೆ ಉಸಿರೂ ಇರಲಿಲ್ಲ.

*

ಅಂಗಡಿಯಲ್ಲಿ ನಡೆದ ಇದಿಷ್ಟನ್ನೂ ಅಲ್ಲಿ ಕಾಜಾ ಗುಂಡಿ ಹಾಕುವ ಹೆಂಗಸು ಬೆಳಿಗ್ಗೆಯೇ ಅವಳ ಕೈ ಹಿಡಿದುಕೊಂಡು ಅಳುತ್ತಾ ಹೇಳಿದ್ದಳು. ಈಗ ಹೆಣ ಎತ್ತಲು ಅಂಗಡಿಯವರೆಲ್ಲ ಒಳಗೆ ಬಂದರು. ಅವಳು ಹೊಸ್ತಿಲಿಗೆ ಅಡ್ಡ ನಿಂತಳು.

"ಭಾವ, ಇವರನ್ನ ಎತ್ತೋಕೆ ಮುಂಚೆ ನಿಜ ಹೇಳಿ. ಇವರು ಕದ್ದು ತಿನ್ನಲಿಲ್ಲ. ಬಾಯಿಬಿಟ್ಟು ಕೇಳಿದ್ರು. ನೀವು ಕೊಡಲಿಲ್ಲ."

ಭಾವನ ಮುಖ ಕಪ್ಪಿಟ್ಟಿತು.

"ಅವನ ಒಳ್ಳೇದಕ್ಕೇ ತಾನೇ ನಾನು..."

"ಗೊತ್ತು. ಅದನ್ನೂ ಸೇರಿಸಿ ಹೇಳಿ. ಇಷ್ಟು ಹೊತ್ತು ಹೇಳಿದ್ರಲ್ಲ, ಅಷ್ಟೇ ಗಟ್ಟಿಯಾಗಿ."

ಅವರು ಬಂದವರ ಮುಖ ನೋಡಿದರು, ನೆಲ ನೋಡಿದರು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಹಾಗಾದರೆ ನಾನೇ ಹೇಳುತ್ತೇನೆ ಎಂದು ಅವಳು ಒಬ್ಬೊಬ್ಬರ ಕಡೆಗೂ ತಿರುಗಿ ಬೀರುವಿನ ಬೀಗದವರೆಗೂ ಎಲ್ಲವನ್ನೂ ಹೇಳಿದಳು. ಆಮೇಲೆ ದಾರಿ ಬಿಟ್ಟಳು.

ಅಂಗಡಿಯವರು ಚಟ್ಟವನ್ನು ಹೆಗಲಿಗೇರಿಸಿದರು. ಭಾವ ಮುಂದೆ ಬಂದು ಒಂದು ಮೂಲೆಗೆ ಹೆಗಲು ತಗ್ಗಿಸಿದರು. ಆ ಮೂಲೆ ಹೊತ್ತಿದ್ದ ಕಾಜಾ ಹೆಂಗಸಿನ ಗಂಡ ಅವರ ಕಡೆ ತಿರುಗಲೂ ಇಲ್ಲ, ಜಾಗ ಬಿಡಲೂ ಇಲ್ಲ. ಚಟ್ಟ ಬೀದಿಗಿಳಿಯಿತು. ಹಿಂದೆ ಭಾವ, ಬರಿಯ ಹೆಗಲನ್ನು ಇನ್ನೂ ಒಂದು ಕಡೆಗೆ ತಗ್ಗಿಸಿಕೊಂಡೇ ನಡೆಯುತ್ತಿದ್ದರು.