ಕೈಗೆ ತಾಗದ ಬಿಸಿ

ಕರುಪ್ಪುಸಾಮಿಯ ಎರಡು ಕೈಗಳೂ ಮಣಿಕಟ್ಟಿನವರೆಗೆ ಮಾಸಲು ನೀಲಿ. ತಿರುಪ್ಪೂರಿನಲ್ಲಿ ನೂಲಿಗೆ ಬಣ್ಣ ಹಾಕುವ ಸಾಯಪಟ್ಟರೆಯಲ್ಲಿ ಇಪ್ಪತ್ತೆರಡು ವರ್ಷ ಹಬೆಯಾಡುವ ಬಣ್ಣದ ತೊಟ್ಟಿಗೆ ನೂಲಿನ ಲಡಿ ಅದ್ದಿ ತೆಗೆದ ಗುರುತು ಅದು. ಅವನು ಕೈಯದ್ದಿ ‘ಹದ ಬಂತು’ ಎಂದರೆ ಯಜಮಾನನೂ ಎದುರಾಡುತ್ತಿರಲಿಲ್ಲ. ಈಗ ಎರಡು ವರ್ಷದಿಂದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಬಿಸಿನೀರಿನ ಕೆಲಸ.

ಯಾರೂ ಸುಟ್ಟುಕೊಳ್ಳದಿರಲಿ ಎಂದು ಅಲ್ಲಿನ ತೊಟ್ಟಿಯ ನೀರನ್ನು ಸದಾ ಉಗುರುಬೆಚ್ಚಗೆ ಇಡುತ್ತಿದ್ದ. ಕಳೆದ ವಾರ ಇಬ್ಬರು ಬಾಣಂತಿಯರಿಗೆ ಕೆಮ್ಮು, ಉಬ್ಬಸದ ಜ್ವರ ಬಂದಾಗ ಡಾಕ್ಟರಮ್ಮ ನೀರಿನ ಮೇಲೆ ಅನುಮಾನಪಟ್ಟು ತೊಟ್ಟಿಯ ಮುಚ್ಚಳ ತೆಗೆಸಿದರು. ಒಳಗೋಡೆಯ ತುಂಬ ಲೋಳೆ.

“ಬೆಚ್ಚಗಿನ ನೀರು ಅಂದ್ರೆ ಕ್ರಿಮಿಗಳಿಗೆ ತವರುಮನೆ, ಕರುಪ್ಪುಸಾಮಿ. ತೊಟ್ಟೀಲಿ ಸುಡುವ ಹಾಗೇ ಇರಲಿ. ಬಕೆಟ್ಟಿಗೆ ಬಂದ ಮೇಲೆ ತಣ್ಣೀರು ಬೆರೆಸಿ, ಥರ್ಮಾಮೀಟರ್ ಇಟ್ಟು ನೋಡಿ ಕೊಡು.”

ತೊಟ್ಟಿ ಉಜ್ಜಿದ. ಈ ಬೆಳಿಗ್ಗೆ ಮೊದಲ ಸಲ ಉರಿ ಏರಿಸಿದ. ಥರ್ಮಾಮೀಟರಿನ ಗಾಜಿನ ಕಡ್ಡಿಯನ್ನು ಮಾತ್ರ ಮುಟ್ಟಲಿಲ್ಲ. ಬಣ್ಣದ ತೊಟ್ಟಿಯಲ್ಲಿ ಕೈ ಪಳಗಿದವನಿಗೆ ಬಿಸಿ ನೋಡಲು ಕಡ್ಡಿ ಬೇಕೆ?

ಎರಡು ಬಕೆಟ್ ಬೆರೆಸಿ, ಕೈಯದ್ದಿ ನೋಡಿದ. ಒಂದನ್ನು ಆಯಾ ಈಶ್ವರಿ ಮೂರನೇ ರೂಮಿನ ಕೂಸಿಗೆ ಒಯ್ದಳು. ಇನ್ನೊಂದು ಅವನ ಮೊಮ್ಮಗಳಿಗೆ, ಮಗಳು ಮಲ್ಲಿಗಾ ಮದುವೆಯಾಗಿ ಎಂಟು ವರ್ಷಕ್ಕೆ ಇದೇ ಆಸ್ಪತ್ರೆಯಲ್ಲಿ ಹೆತ್ತ ಕೂಸಿಗೆ.

ಹೆಂಡತಿ ಪೆರಿಯನಾಯಕಿ ಮಗಳ ರೂಮಿನ ಬಚ್ಚಲಲ್ಲಿ ಕಾಲು ನೀಡಿ, ಕೂಸನ್ನು ಮೊಣಕಾಲ ಮೇಲೆ ಮಲಗಿಸಿಕೊಂಡಿದ್ದಳು.

“ಏನ್ರೀ, ಹದ ನೋಡಿದಿರಾ? ಇದು ನಿಮ್ಮ ನೂಲಲ್ಲ.”

“ನೂಲನ್ನೂ ನಾನು ನೋಯಿಸಿದವನಲ್ಲ. ಹುಯ್ಯಿ ಸುಮ್ನೆ.”

ತನ್ನ ತಾಯಿ ಮಾಡುತ್ತಿದ್ದಂತೆ ಅವಳು ಮೊದಲ ಚೊಂಬನ್ನು ತನ್ನ ಪಾದಕ್ಕೆ ಹುಯ್ದುಕೊಂಡಳು.

“ಅಯ್ಯೋ ತಾಯೀ ಚೌಡಮ್ಮಾ!”

ಚೊಂಬು ಉರುಳಿತು. ಕೂಸನ್ನು ಎದೆಗವಚಿಕೊಂಡು ಅವಳು ಗೋಡೆಗೆ ಸರಿದಳು. ಪಾದ ಕೆಂಪೇರಿತ್ತು.

ಕರುಪ್ಪುಸಾಮಿ ಮತ್ತೆ ಕೈಯದ್ದಿದ. ಬೆಚ್ಚಗೆ. ಹಿತವಾಗಿ ಬೆಚ್ಚಗೆ. ಹೆಂಡತಿಯ ಮುಖ ನೋಡಿದ. ನೀಲಿ ಮುಗಿಯುವ ಗೆರೆಯನ್ನೂ ದಾಟಿ ತೋಳನ್ನು ಇಳಿಸಿದ. ಬೆಂಕಿ! ಸರಕ್ಕನೆ ಹಿಂದೆಳೆದುಕೊಂಡ.

ಆಗ ನೆನಪಾಯಿತು: ಇನ್ನೊಂದು ಬಕೆಟ್.

ಮೊಗಸಾಲೆಯಲ್ಲಿ ಓಡಿದ. ಮೂರನೇ ರೂಮಿನಿಂದ ಅಳು ಕೇಳಿಸಲಿಲ್ಲ. ಬಾಗಿಲು ತಳ್ಳಿದ. ಕಾಲ ಮೇಲೆ ಕೂಸು, ಕೈಯಲ್ಲಿ ತುಂಬಿದ ಚೊಂಬು. ಈಶ್ವರಿ ಇನ್ನೇನು ಬಗ್ಗಿಸಬೇಕು. ಅವನು ಚೊಂಬನ್ನು ಕಿತ್ತು ಎಸೆದ. ಬಕೆಟ್ಟನ್ನು ಒದ್ದ. ನೀರು ಬಚ್ಚಲ ತೂಬಿನತ್ತ ಹಬೆಯಾಡುತ್ತ ಹರಿಯಿತು.

“ಏನಣ್ಣಾ, ಹುಚ್ಚು ಹಿಡೀತಾ? ಹದವಾಗಿದೆ ಅಂತ ನೀವೇ ತಾನೇ ಕೊಟ್ಟಿದ್ದು!”

ಅವನು ಎರಡು ಕೈಗಳನ್ನೂ ಅವಳ ಮುಂದೆ ಚಾಚಿ ನಿಂತ, ಬೇರೆ ಯಾರದೋ ಕೈಗಳನ್ನು ತೋರಿಸುವವನಂತೆ.