ಚೌತಿ ಚಂದ್ರನ ಒಂಟಿ ಚುಕ್ಕೆ

ಚೌತಿಯ ದಿನ ಚಂದ್ರನನ್ನು ನೋಡಬಾರದು ಎಂಬುದನ್ನು ಗೌತಮಿ ತುತ್ತಿನ ಜೊತೆಗೇ ನುಂಗಿ ಬೆಳೆದವಳು. ಹೊಟ್ಟೆ ಬಿರಿಯ ಕಡುಬು ತಿಂದು ಇಲಿ ಏರಿ ಹೊರಟ ಗಣಪ ಬಿದ್ದದ್ದು, ಮೇಲಿದ್ದ ಚಂದ್ರ ಕಿಸಕ್ಕೆಂದು ನಕ್ಕದ್ದು, ಈ ದಿನ ನಿನ್ನನ್ನು ನೋಡಿದವರಿಗೆಲ್ಲ ಅಪವಾದ ಬರಲಿ ಎಂದು ಗಣಪ ಶಪಿಸಿದ್ದು, ಎಲ್ಲವನ್ನೂ ಅಜ್ಜಿ ಕೃಷ್ಣವೇಣಮ್ಮ ಪ್ರತಿ ವರ್ಷ ಹೊಸ ಸುದ್ದಿಯಂತೆ ಹೇಳುತ್ತಿದ್ದರು. ಒಂದು ಪದ ಆಚೀಚೆ ಆಗುತ್ತಿರಲಿಲ್ಲ. ಹಾಗೆ ಚಂದ್ರನನ್ನೇ ಉಂಡು ಬೆಳೆದ ಹುಡುಗಿ, ಕೆಲಸಕ್ಕೆ ಸೇರಿದ ಮೇಲೆ ಸೀರೆ ಒಡವೆ ಬಿಟ್ಟು ಟೆಲಿಸ್ಕೋಪು ತಂದಳೆಂದರೆ, ಅದು ಅಜ್ಜಿಯದೇ ತಪ್ಪು.

ಯಲಹಂಕ ಉಪನಗರದ ಅವರ ರಸ್ತೆಯ ಗಣೇಶೋತ್ಸವಕ್ಕೆ ಈ ಸಲ ಬದರೀನಾಥರು ಮುಂದಾಳು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ರಸ್ತೆಯ ವಾಟ್ಸಾಪ್ ಗುಂಪನ್ನೇ ತಮ್ಮ ಶಾಖೆಯೆಂದು ತಿಳಿದು ನಡೆಸುತ್ತಿದ್ದವರು. ಪೆಂಡಾಲಿನ ಒಂದು ಪಕ್ಕದಲ್ಲಿ ಗೌತಮಿ ತೆಗೆದ ಚಂದ್ರನ ಫೋಟೋಗಳನ್ನು ತೂಗುಹಾಕಲು ಅವರು ಒಪ್ಪಿದ್ದರು. ಫೋಟೋ ನೋಡಿದವರು ಕತ್ತೆತ್ತಿ ಆಕಾಶವನ್ನೂ ನೋಡಲಿ, ಹಬ್ಬ ಮುಗಿದ ಮೇಲೂ ವಾರಕ್ಕೊಂದು ಸಂಜೆ ತನ್ನ ತಾರಸಿಗೆ ಬರಲಿ ಎಂಬುದು ಗೌತಮಿ ಅವರಿಗೂ ಹೇಳಿಕೊಂಡಿದ್ದ ಆಸೆ. ಇಷ್ಟು ದಿನ ಆ ತಾರಸಿಗೆ ಬರುತ್ತಿದ್ದದ್ದು ಮೇಲಿನ ಮನೆಯ ಬಾಡಿಗೆದಾರ, ವಿಜಯಪುರದ ಸಿದ್ದಲಿಂಗ ಒಬ್ಬನೇ. ಅವನಿಗೋ ಚಂದ್ರನ ಕುಳಿಗಳೆಲ್ಲ ಗುಳಿಯಾಗಿ ಕಾಣದೆ ಉಬ್ಬಾಗಿ ಕಾಣುತ್ತಿದ್ದವು. ಅಲ್ಲಿ ಸಾಲಾಗಿ ಗುಮ್ಮಟ ಕಟ್ಟಿದ್ದಾರೆಂದು ವಾದಿಸಿ, ಕಾಫಿ ಕುಡಿದು, ಒಪ್ಪದೆ ಇಳಿದುಹೋಗುತ್ತಿದ್ದ.

ಚೌತಿಯ ಸಂಜೆ ದಿನವಿಡೀ ಕವಿದಿದ್ದ ಮೋಡ ಪಡುವಣದಲ್ಲಿ ಸೀಳಿಕೊಂಡಿತು. ಉಗುರು ಕತ್ತರಿಸಿಟ್ಟಂಥ ಚಂದ್ರ. ಗೌತಮಿಗೆ ತಡೆಯಲಾಗಲಿಲ್ಲ. ತಲೆಯೆತ್ತದೆ, ಟೆಲಿಸ್ಕೋಪಿಗೆ ಫೋನು ಸಿಕ್ಕಿಸಿ, ಕಣ್ಣನ್ನು ಫೋನಿನ ಪರದೆಯ ಮೇಲಷ್ಟೇ ಇಟ್ಟು ಕ್ಲಿಕ್ಕಿಸಿದಳು. ಚಂದ್ರನನ್ನು ನೋಡಿದ್ದು ಫೋನು, ತಾನು ನೋಡಿದ್ದು ಫೋನನ್ನು ಎಂದು ಮನಸ್ಸಿನಲ್ಲೇ ಗಣಪನಿಗೆ ಅರ್ಜಿ ಹಾಕಿಕೊಂಡಳು.

ಫೋಟೋದಲ್ಲಿ ಬೆಳಕಿನ ಅಂಚು ಮುಗಿದು ಕತ್ತಲು ಶುರುವಾಗುವ ಆಚೆಗೆ, ಎಲ್ಲದರಿಂದ ದೂರ, ಒಂದೇ ಒಂದು ಬಿಳಿ ಚುಕ್ಕೆ ಹೊಳೆಯುತ್ತಿತ್ತು. ಊರು ಮುಗಿದ ಮೇಲೂ ಉರಿಯುವ ಯಾರದೋ ಮನೆಯ ದೀಪದಂತೆ. ಅದೇನೆಂದು ಅವಳಿಗೂ ಗೊತ್ತಿರಲಿಲ್ಲ. ಚೆಂದ ಕಂಡಿತು, ಗುಂಪಿಗೆ ಹಾಕಿದಳು.

ಅಷ್ಟೇ ಸಾಕಾಯಿತು. ಲೆನ್ಸಿನ ಧೂಳು ಎಂದರು ಕೆಲವರು. ನಮ್ಮ ನೌಕೆಯೇ ಇರಬೇಕು ಎಂದರು ದೇಶಾಭಿಮಾನಿಗಳು. ಸಿದ್ದಲಿಂಗನಂತೂ ಮೆಟ್ಟಿಲಿಳಿದೇ ಬಂದ.

"ನಾ ಹೇಳಿದ್ದಿಲ್ಲೇನ್ ತಂಗಿ? ಗುಮ್ಮಟ ಅದಾವ ಅಂದ್ರ ನಗ್ತಿದ್ದಿ. ಈಗ ನೋಡ, ಒಳಗ ದೀಪಾನೂ ಹಚ್ಯಾರ."

ಬದರೀನಾಥರು ಮಾತ್ರ ನಗಲಿಲ್ಲ. ಇಂಟರ್ನೆಟ್ಟಿನಿಂದ ಹುಣ್ಣಿಮೆ ಚಂದ್ರನ ಫೋಟೋ ಹುಡುಕಿ, ಪಕ್ಕದಲ್ಲಿಟ್ಟು, ಸಹಿ ತಾಳೆ ನೋಡುವಂತೆ ತಾಳೆ ನೋಡಿದರು. ಇದರಲ್ಲಿ ಚುಕ್ಕೆಯಿದೆ, ಅದರಲ್ಲಿಲ್ಲ. ಆದ್ದರಿಂದ ಇದು ಎಡಿಟ್ ಮಾಡಿದ್ದು ಎಂದು ತೀರ್ಪು ಬರೆದರು. ದೇವರ ಪೆಂಡಾಲಿನಲ್ಲಿ ಸುಳ್ಳು ಫೋಟೋ ಬೇಡ, ನಾಳೆ ಎಲ್ಲವನ್ನೂ ಇಳಿಸುವುದು ಎಂದು ಕೆಳಗೆ ಸೇರಿಸಿದರು. ಆ ಸಂದೇಶಕ್ಕೆ ಹೆಬ್ಬೆರಳು ಎತ್ತಿದವರನ್ನೆಲ್ಲ ಗೌತಮಿ ಚಿಕ್ಕಂದಿನಿಂದ ಬಲ್ಲಳು. ಕಣ್ಣು ತುಂಬಿಕೊಂಡಿತು.

"ಚಂದ್ರನ್ನ ನೋಡ್ದೆ ತಾನೆ?" ಅಜ್ಜಿ ಕೇಳಿದರು.

"ಫೋನಲ್ಲಿ ನೋಡ್ದೆ ಅಜ್ಜಿ. ಮೇಲೆ ನೋಡ್ಲೇ ಇಲ್ಲ."

"ಕೃಷ್ಣನೇನು ಮೇಲೆ ನೋಡಿದ್ನೇನೇ? ಬಟ್ಟಲ ಹಾಲಲ್ಲಿ ನೆರಳು ಕಂಡಿದ್ದಕ್ಕೆ ಶಮಂತಕ ಮಣಿ ಕದ್ದ ಅನ್ನಿಸ್ಕೊಂಡ. ನಿನ್ನ ಫೋನು ಹಾಲಿಗಿಂತ ಹೆಚ್ಚೋ?"

ಗೌತಮಿಗೆ ಅಳುವಿನ ನಡುವೆಯೂ ನಗು ಬಂತು. ಅಜ್ಜಿ ಅಲ್ಲಿಗೇ ನಿಲ್ಲಲಿಲ್ಲ. ಫೋಟೋ ತೆರೆದವರೆಲ್ಲ ಚೌತಿ ಚಂದ್ರನನ್ನು ನೋಡಿದಂತೆಯೇ ಲೆಕ್ಕ, ನಾಳೆ ಸಂಜೆ ಮಂಗಳಾರತಿಯಾದ ಮೇಲೆ ಶಮಂತಕದ ಕಥೆ ಹೇಳುತ್ತೇನೆ, ಅಕ್ಷತೆ ಹಿಡಿದು ಕೇಳಿದವರಿಗೆ ಅಪವಾದ ತಟ್ಟುವುದಿಲ್ಲ ಎಂದು ಗುಂಪಿಗೆ ತಮ್ಮ ದನಿಯಲ್ಲೇ ಸಂದೇಶ ಕಳಿಸಿದರು. ಅಷ್ಟು ಹೊತ್ತು ಚುಕ್ಕೆಯ ಬಗ್ಗೆ ಜಗಳವಾಡುತ್ತಿದ್ದ ಗುಂಪು ಒಮ್ಮೆಗೇ ತೆಪ್ಪಗಾಯಿತು.

ಮರುದಿನ ಬೆಳಿಗ್ಗೆ ಬದರೀನಾಥರ ಮನೆಯಲ್ಲಿ ಅತಿಥಿಗಳಿಗೆಂದು ಎತ್ತಿಟ್ಟಿದ್ದ ಕರ್ಜಿಕಾಯಿ ಡಬ್ಬಿ ಖಾಲಿಯಾಗಿತ್ತು. ಸಕ್ಕರೆ ಕಾಯಿಲೆಯ ಗಂಡನ ಮೇಲೆ ಹೆಂಡತಿ ಶುಭಾರ ಅನುಮಾನ. ಮುಟ್ಟಿಲ್ಲವೆಂದು ಅವರು ಆಣೆ ಇಟ್ಟರೂ ಆಕೆ ನಂಬಲಿಲ್ಲ. ಸಂಜೆ ಕಥೆ ಕೇಳಿ ಬಂದರೇನೇ ಕಾಫಿ ಎಂದರಂತೆ. ಫೋಟೋಗಳನ್ನು ಇಳಿಸುವ ಕೆಲಸ ಸದ್ಯಕ್ಕೆ ಹಾಗೇ ನಿಂತಿತು.

ಸಂಜೆ ಟೆಲಿಸ್ಕೋಪು ಇಳಿಸಿಕೊಳ್ಳಲು ಗೌತಮಿ ತಾರಸಿಗೆ ಹೋದಳು. ಕೆಳಗೆ ರಸ್ತೆಯಲ್ಲಿ ಆಗಲೇ ಮಬ್ಬು, ಪೆಂಡಾಲಿನ ದೀಪ ಹತ್ತಿದ್ದವು. ಆದರೆ ಅಲ್ಲಾಳಸಂದ್ರದ ಕೆರೆಯ ಕಡೆಯ ಎತ್ತರದ ಅಪಾರ್ಟ್‌ಮೆಂಟಿನ ನೆತ್ತಿಯ ನೀರಿನ ಟ್ಯಾಂಕು ಮಾತ್ರ ಕೊನೆಯ ಬಿಸಿಲು ಹಿಡಿದುಕೊಂಡು ಕತ್ತಲ ಮೇಲೆ ಒಂಟಿಯಾಗಿ ಹೊಳೆಯುತ್ತಿತ್ತು. ಅವಳು ಅದನ್ನೇ ನೋಡುತ್ತ ನಿಂತಳು. ಕೆಳಗಿನವರಿಗೆ ಮುಳುಗಿದ ಸೂರ್ಯ ಟ್ಯಾಂಕಿಗೆ ಇನ್ನೂ ಮುಳುಗಿಲ್ಲ. ಬೆಳಿಗ್ಗೆಯಾದರೆ ಅದಕ್ಕೇ ಮೊದಲು ಹುಟ್ಟುತ್ತಾನೆ. ಬೆಳೆಯುವ ಚಂದ್ರನ ಆ ಅಂಚಿನಲ್ಲಿ ಈಗ ಬೆಳಗು. ಅಲ್ಲಿನ ಬಯಲಿಗೆ ಇನ್ನೂ ಕತ್ತಲು, ಬೆಟ್ಟದ ನೆತ್ತಿಗಾಗಲೇ ಬಿಸಿಲು. ಆ ನೆತ್ತಿಯೇ ನಿನ್ನೆಯ ಚುಕ್ಕೆ. ಹುಣ್ಣಿಮೆಯ ದಿನ ಬಯಲೂ ಬೆಳಗುವುದರಿಂದ ಚುಕ್ಕೆ ಕಾಣುವುದೇ ಇಲ್ಲ. ಅವಳು ಎರಡೆರಡು ಮೆಟ್ಟಿಲು ಹಾರಿ ಇಳಿದಳು.

ಪೆಂಡಾಲಿನ ಮುಂದೆ ಪ್ಲಾಸ್ಟಿಕ್ ಕುರ್ಚಿಗಳೆಲ್ಲ ತುಂಬಿದ್ದವು. ರಸ್ತೆಯಂಚಿನಲ್ಲಿ ಟೆಲಿಸ್ಕೋಪು ನಿಲ್ಲಿಸಿ, ಅದನ್ನು ಪಂಚಮಿಯ ಚಂದ್ರನಿಗೆ ಹಿಡಿದು, ಗೌತಮಿ ಮೊದಲು ಅಜ್ಜಿಯ ಕಿವಿಯಲ್ಲಿ ಏನೋ ಹೇಳಿದಳು. ಆಮೇಲೆ ಬದರೀನಾಥರ ಬಳಿ ಬಂದಳು.

"ಅಂಕಲ್, ನಾನೇನೂ ವಾದ ಮಾಡಲ್ಲ. ಬೆಳಕು ಮುಗಿಯೋ ಅಂಚಿನಿಂದ ಆಚೆ, ಆ ಕತ್ತಲಲ್ಲಿ ಚುಕ್ಕೆ ಏನಾದ್ರೂ ಇದ್ಯಾ ನೋಡಿ."

ಅವರು ಕನ್ನಡಕ ತೆಗೆದು ಬಗ್ಗಿದರು. "ಇಲ್ಲವಲ್ಲಮ್ಮ. ನಿನ್ನೆ ಚುಕ್ಕೇನೂ ಇಲ್ಲ."

"ಅದನ್ನ ಬೆಳಕು ಸೇರಿಸ್ಕೊಂಡಿದೆ. ಹೊಸದು ಬರಬೇಕು. ನೋಡ್ತಾ ಇರಿ, ಬರ್ದೇ ಇದ್ರೆ ಫೋಟೋ ನಾನೇ ಇಳಿಸ್ತೀನಿ."

ಹೇಳಿಬಿಟ್ಟ ಮೇಲೆ ಅವಳಿಗೇ ಅನುಮಾನ ಹತ್ತಿತು. ಬೆಟ್ಟ ಎಲ್ಲೆಂದರಲ್ಲಿ ಇರುತ್ತದೆಯೇ? ಅಜ್ಜಿ ಕಥೆ ಶುರು ಮಾಡಿದರು. ಮಣಿ ಧರಿಸಿ ಬೇಟೆಗೆ ಹೋದ ಪ್ರಸೇನನನ್ನು ಸಿಂಹ ಕೊಂದಿತು, ಸಿಂಹವನ್ನು ಜಾಂಬವಂತ ಕೊಂದ, ಊರೆಲ್ಲ ಕೃಷ್ಣನೇ ಕದ್ದನೆಂದಿತು. ಕೃಷ್ಣ ಗುಹೆ ಹೊಕ್ಕ. ಚುಕ್ಕೆ ಬರಲಿಲ್ಲ. ಕತ್ತಲಲ್ಲಿ ಮಗುವಿನ ತೊಟ್ಟಿಲ ಮೇಲೆ ಮಣಿ ಹೊಳೆಯಿತು. ಆಗಲೂ ಬರಲಿಲ್ಲ. ಬದರೀನಾಥರು ಸೊಂಟ ಹಿಡಿದುಕೊಂಡು ಮತ್ತೆ ಬಗ್ಗಿದರು. ತೆಳ್ಳನೆಯ ಮೋಡವೊಂದು ಬಂದು ಹೋಯಿತು.

ಕೃಷ್ಣನಿಗೂ ಜಾಂಬವಂತನಿಗೂ ಕಾಳಗ ಹತ್ತಿತು. ಅಜ್ಜಿಯ ಕಥೆಯಲ್ಲಿ ಅದು ಎರಡೇ ಮಾತಿನಲ್ಲಿ ಮುಗಿಯಬೇಕು. ಈ ಸಂಜೆ ಮುಗಿಯಲಿಲ್ಲ. ಅವರು ಓರೆಗಣ್ಣಲ್ಲಿ ಮೊಮ್ಮಗಳನ್ನು ನೋಡುತ್ತ ಜಾಂಬವಂತನನ್ನು ಎಡಕ್ಕೆ ಕೆಡವಿದರು, ಬಲಕ್ಕೆ ಕೆಡವಿದರು, ಎಬ್ಬಿಸಿ ಮರ ಕೀಳಿಸಿದರು, ಬಂಡೆ ಎಸೆಸಿದರು, ಇಬ್ಬರಿಗೂ ನೀರಡಿಕೆಯಾಗಿ ಝರಿಯ ನೀರು ಕುಡಿಸಿ ಮತ್ತೆ ಹಚ್ಚಿಬಿಟ್ಟರು. ಒಂದು ಪದ ಬದಲಿಸದ ಅಜ್ಜಿ ತನಗಾಗಿ ಪುರಾಣವನ್ನೇ ಎಳೆಯುತ್ತಿದ್ದಾರೆಂದು ಗೌತಮಿಗೆ ಅರ್ಥವಾಯಿತು. ಚುಕ್ಕೆ ಬಂದರೂ ಬಾರದಿದ್ದರೂ ಇಷ್ಟು ಸಾಕು ಅನ್ನಿಸಿತು.

"ಬಂತು," ಎಂದರು ಬದರೀನಾಥರು, ತುಂಬ ಮೆಲ್ಲಗೆ. ಸದ್ದಾದರೆ ಹಾರಿಹೋಗುವ ಹಕ್ಕಿಯನ್ನು ಕಂಡವರಂತೆ. "ಈಗ್ತಾನೆ ಇರ್ಲಿಲ್ಲ ಕಣಮ್ಮ. ಸೂಜಿಮೊನೆಯಷ್ಟಿದೆ. ಬಂತು."

ಜಾಂಬವಂತ ಆ ಕ್ಷಣವೇ ಸೋಲೊಪ್ಪಿಕೊಂಡ.

ಕುರ್ಚಿ ಬಿಟ್ಟು ಎಲ್ಲರೂ ಸಾಲು ನಿಂತರು. ಅಪಾರ್ಟ್‌ಮೆಂಟಿನ ಟ್ಯಾಂಕಿನ ವಿಷಯ ಗೌತಮಿ ಒಬ್ಬೊಬ್ಬರಿಗೂ ಹೇಳಿದಳು. ಸಿದ್ದಲಿಂಗ ಬಗ್ಗಿ ನೋಡಿ, ಬೆಟ್ಟ ಇರಬಹುದು, ಗುಮ್ಮಟಕ್ಕೂ ಬಿಸಿಲು ಮೊದಲು ನೆತ್ತಿಗೇ ಬೀಳುತ್ತದೆ ಎಂದು ತನ್ನ ದಾರಿ ಉಳಿಸಿಕೊಂಡ. ಬದರೀನಾಥರು ಅಲ್ಲೇ ನಿಂತು, ಚುಕ್ಕೆ ನಿಜ, ನಾನೇ ಸಾಕ್ಷಿ, ಫೋಟೋ ವಿಸರ್ಜನೆಯವರೆಗೂ ಇರುತ್ತವೆ ಎಂದು ಗುಂಪಿಗೆ ಬರೆದರು. ಫೋನು ಟೆಲಿಸ್ಕೋಪಿಗೆ ಒತ್ತಿ ತಾವೇ ತೆಗೆದ ಒಂದು ಅಲುಗಾಡಿದ ಫೋಟೋವನ್ನೂ ಹಾಕಿದರು. ಕಥೆಗೆ ಬಾರದೆ ಮನೆಯಲ್ಲೇ ಉಳಿದ ಯಾರೋ ಕೂಡಲೇ ಕೇಳಿದರು, ಅಂಕಲ್, ಎಡಿಟಿಂಗ್ ಯಾವಾಗ ಕಲಿತ್ರಿ?

ಬದರೀನಾಥರು ಅಜ್ಜಿಯ ಕಡೆ ತಿರುಗಿದರು. "ಏನ್ ಕೃಷ್ಣವೇಣಮ್ಮನೋರೇ, ಕಥೆ ಆದ್ಮೇಲೂ ಹಿಂಗಾ?"

"ನೀವೆಲ್ಲಿ ಕೇಳಿದ್ರಿ? ಜೀವವೆಲ್ಲ ಆ ಕೊಳವೆಯೊಳಗೇ ಇತ್ತಲ್ಲ. ಕೈಯಲ್ಲಿ ಅಕ್ಷತೆನೂ ಇಲ್ಲ."

ಅವರು ಕುರ್ಚಿ ಎಳೆದುಕೊಂಡು ಕೂತರು. ಅಂಗೈ ಒಡ್ಡಿ ಅಕ್ಷತೆ ಹಾಕಿಸಿಕೊಂಡರು. ಮೊದಲಿಂದ ಹೇಳಿ, ಕರ್ಜಿಕಾಯಿ ವಿಷಯವೂ ಇದರಲ್ಲೇ ಪರಿಹಾರವಾಗಲಿ ಎಂದರು. ಆಮೇಲೆ ಗೌತಮಿಯ ಕಡೆ ನೋಡಿ, ವಾರಕ್ಕೊಂದು ಸಂಜೆ ಅಂದಿದ್ದೆಯಲ್ಲ, ಯಾವ ವಾರ ಎಂದು ಕೇಳಿದರು.

ಶನಿವಾರ ಎಂದಳು ಗೌತಮಿ. ಅಜ್ಜಿ ಗಂಟಲು ಸರಿಮಾಡಿಕೊಂಡು ಮತ್ತೆ ಶುರು ಮಾಡಿದರು. ಈ ಸಲ ಜಾಂಬವಂತ ಎರಡೇ ಮಾತಿನಲ್ಲಿ ಸೋತ.